ಅಮ್ಮನ ಬದುಕನ್ನು ಬರೆಯಲು ಕುಳಿತವರಿಗೆ

ಕಳೆದ ಎರಡು ತಿಂಗಳಲ್ಲಿ ಬಂದ ಪತ್ರಗಳಲ್ಲಿ ನಾಲ್ಕು ಪತ್ರಗಳು ಒಂದೇ ವಿಷಯವನ್ನು ಕುರಿತವುಗಳಾಗಿದ್ದುದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇನೆ. ಪತ್ರ ಬರೆದವರ ಕೋರಿಕೆಯಂತೆ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಅಮ್ಮ ಕಳೆದ ಸೋಣ ತಿಂಗಳಲ್ಲಿ ತೀರಿಕೊಂಡಳು. ಉತ್ತರಕ್ರಿಯೆಯ ದಿನ ನುಡಿನಮನ ಸಲ್ಲಿಸಿದ ಮೂವರೂ ಅವಳನ್ನು ತ್ಯಾಗಮಯಿ, ಮಮತಾಮಯಿ, ಸರಳಜೀವಿ ಎಂದು ಕೊಂಡಾಡಿದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಕೇಳುತ್ತ ಕುಳಿತಿದ್ದ ನನಗೆ ಅವರು ಯಾರ ಬಗ್ಗೆ ಮಾತನಾಡುತ್ತಿದ್ದಾರೆ ಎಂದೇ ತಿಳಿಯದಂತಾಯಿತು. ವರ್ಷಾಂತಿಕಕ್ಕೆ ಒಂದು ಸಣ್ಣ ಪುಸ್ತಕ ತರಬೇಕೆಂದು ಮೊಮ್ಮಕ್ಕಳೆಲ್ಲ ಹಟ ಹಿಡಿದಿದ್ದಾರೆ. ಬರೆಯುವ ಹೊಣೆ ನನ್ನ ಮೇಲೆ ಬಿದ್ದಿದೆ. ಅಮ್ಮ ಓದಿದ್ದು ನಾಲ್ಕನೇ ತರಗತಿಯವರೆಗೆ. ಅಪ್ಪ ಬೇಗನೆ ಹೋದ ಮೇಲೆ ಮನೆಯ ಹಿಂದಿನ ಹತ್ತು ಸೆಂಟ್ಸ್ ಜಾಗದಲ್ಲಿ ಮಲ್ಲಿಗೆ ಬೆಳೆಸಿ ನಾವು ನಾಲ್ವರು ಮಕ್ಕಳನ್ನು ಓದಿಸಿದಳು. ಆಮೇಲೆ ಐದು ಮೊಮ್ಮಕ್ಕಳನ್ನು ಸಾಕಿದಳು. ಮಳೆಗಾಲ ಬಿಟ್ಟರೆ ನಲವತ್ತು ವರ್ಷ ದಿನಕ್ಕೆ ಎರಡು ಚೆಂಡು ಹೂ ಕಟ್ಟಿದ್ದಾಳೆ. ಹೇಳಿಕೊಳ್ಳುವಂಥದ್ದು ಇಷ್ಟೇ, ಎರಡು ಪುಟಕ್ಕೆ ಮುಗಿದುಹೋಗುತ್ತದೆ. ಅವಳು ಹೂವಿನ ಲೆಕ್ಕ ಬರೆದಿಟ್ಟಿದ್ದ ಹಳೆಯ ಕ್ಯಾಲೆಂಡರುಗಳ ಒಂದು ಕಟ್ಟು ಕೂಡ ಇದೆ, ಅದನ್ನೇನು ಮಾಡುವುದೆಂದೂ ಗೊತ್ತಾಗುತ್ತಿಲ್ಲ.
— ಓದುಗರು, ಕಟಪಾಡಿ ಸಮೀಪ

ಉತ್ತರ: ಆ ಕ್ಯಾಲೆಂಡರುಗಳನ್ನು ಯಾವ ಕಾರಣಕ್ಕೂ ರದ್ದಿಗೆ ಹಾಕಬೇಡಿ. ಪತ್ರದ ಕೊನೆಯಲ್ಲಿ, ಇದನ್ನೂ ಹೇಳಿಬಿಡೋಣ ಎಂಬಂತೆ ನೀವು ಬರೆದಿರುವ ಆ ಒಂದು ವಾಕ್ಯದಲ್ಲಿಯೇ ನಿಮ್ಮ ಪುಸ್ತಕ ಇದೆ.

ನುಡಿನಮನದ ಮಾತುಗಳಲ್ಲಿ ನಿಮಗೆ ಅಮ್ಮ ಸಿಗದೆ ಹೋದದ್ದು ಆ ವಿಶೇಷಣಗಳು ಅವರಿಗೆ ಸಲ್ಲದವು ಎಂಬ ಕಾರಣಕ್ಕಲ್ಲ, ಊರಿನ ಎಲ್ಲ ತಾಯಂದಿರಿಗೂ ಸಲ್ಲುತ್ತವೆ ಎಂಬ ಕಾರಣಕ್ಕೆ. ತ್ಯಾಗಮಯಿ ಎಂದು ಒಮ್ಮೆ ಬರೆದುಬಿಟ್ಟರೆ, ಏನನ್ನು ಬಿಟ್ಟುಕೊಟ್ಟರು, ಯಾವ ವಯಸ್ಸಿನಲ್ಲಿ, ಯಾರಿಗಾಗಿ ಎಂದು ಕೇಳುವ ಕೆಲಸವೇ ನಿಂತುಹೋಗುತ್ತದೆ. ಆದ್ದರಿಂದ ನನ್ನದೊಂದು ಸಲಹೆ: ಗುಣವಾಚಕಗಳನ್ನೆಲ್ಲ ಬದಿಗಿಟ್ಟು ಅವರ ಕೆಲಸವನ್ನು ಬರೆಯಿರಿ. ಯಾವ ಹೊತ್ತಿನಲ್ಲಿ, ಎಷ್ಟು ಅಳತೆಯಲ್ಲಿ, ಯಾವ ಕೈಯಿಂದ ಮಾಡುತ್ತಿದ್ದರು ಎಂಬಷ್ಟು ಹತ್ತಿರದಿಂದ ಬರೆಯಿರಿ.

ನೀವು ಇಷ್ಟೇ ಎಂದು ಬಿಟ್ಟ ಲೆಕ್ಕವನ್ನು ನಾನು ಕುಳಿತು ಹಾಕಿದೆ. ಮಲ್ಲಿಗೆಯ ಊರಾದ ಶಂಕರಪುರದ ಕಡೆಯ ಲೆಕ್ಕದಲ್ಲಿ ಒಂದು ಚೆಂಡು ಎಂದರೆ 800 ಹೂ, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ದಿನಕ್ಕೆ ಎರಡು ಚೆಂಡಿನಂತೆ 1,600 ಮೊಗ್ಗು; ಮಳೆಗಾಲವನ್ನೂ ಸೂತಕದ ದಿನಗಳನ್ನೂ ಬಿಟ್ಟು ವರ್ಷಕ್ಕೆ 200 ದಿನ ಎಂದು ಕಡಿಮೆಯಲ್ಲೇ ಹಿಡಿದರೂ 3,20,000 ಆಗುತ್ತದೆ. ನಲವತ್ತು ವರ್ಷಕ್ಕೆ ಒಂದು ಕೋಟಿ ಇಪ್ಪತ್ತೆಂಟು ಲಕ್ಷ ಮೊಗ್ಗುಗಳು ನಿಮ್ಮ ಅಮ್ಮನ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಾದುಹೋಗಿವೆ. ಒಂದೊಂದನ್ನೂ ಬಿಸಿಲೇರುವ ಮೊದಲು ಗಿಡದಿಂದ ಬಿಡಿಸಿ, ನೆನೆಸಿದ ಬಾಳೆನಾರಿನಲ್ಲಿ ಮೊಗ್ಗು ಜಜ್ಜಿಹೋಗದಂತೆ, ಕಟ್ಟು ಸಡಿಲವೂ ಆಗದಂತೆ ಬಿಗಿದಿದ್ದಾರೆ. ಇದು ನನ್ನ ಅಂದಾಜು. ನಿಜವಾದ ಸಂಖ್ಯೆ ಆ ಕ್ಯಾಲೆಂಡರುಗಳಲ್ಲಿದೆ. ಅವುಗಳ ಕೆಲವು ತಿಂಗಳುಗಳ ಹಾಳೆಗಳನ್ನಾದರೂ ಛಾಯಾಚಿತ್ರ ತೆಗೆಸಿ ಪುಸ್ತಕದಲ್ಲಿ ಇದ್ದಂತೆಯೇ ಅಚ್ಚು ಮಾಡಿಸಿ.

ಆ ಹಾಳೆಗಳನ್ನು ನಿಧಾನವಾಗಿ ಓದಿ. ಹೂವಿನ ಸಂಖ್ಯೆ ಒಮ್ಮೆಲೇ ಇಳಿದ ದಿನಗಳು ಯಾವುವು? ನಿಮ್ಮಲ್ಲಿ ಯಾರಿಗೋ ಜ್ವರ ಬಂದ ವಾರವಿರಬಹುದು, ಯಾರದೋ ಬಾಣಂತನದ ತಿಂಗಳಿರಬಹುದು. ನಾಗರಪಂಚಮಿಗೂ ಮದುವೆಯ ದಿನಗಳಿಗೂ ಮಲ್ಲಿಗೆಯ ದರ ಏರುತ್ತದೆ. ಹಾಗೆ ಏರಿದ ವಾರದ ಮುಂದೆ ಶಾಲೆಯ ಫೀಸಿನ ಲೆಕ್ಕವೋ ಅಂಗಡಿಯ ಬಾಕಿ ತೀರಿಸಿದ ಗುರುತೋ ಇದೆಯೇ ಎಂದು ನೋಡಿ. ನಾಲ್ಕನೇ ತರಗತಿ ಓದಿದ ಹೆಂಗಸೊಬ್ಬರು ನಲವತ್ತು ವರ್ಷಗಳ ತಮ್ಮ ದುಡಿಮೆಯ ದಾಖಲೆಯನ್ನು ತಾವೇ ಬರೆದಿಟ್ಟು ಹೋಗಿದ್ದಾರೆ. ಇದಕ್ಕಿಂತ ದೊಡ್ಡ ಆತ್ಮಚರಿತ್ರೆಯನ್ನು ಬೇರೆಲ್ಲಿ ಹುಡುಕುತ್ತೀರಿ? ನಮ್ಮ ಉಡುಪಿ ಮಲ್ಲಿಗೆಗೆ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆತಿರುವುದು ಸಂತೋಷದ ಸಂಗತಿಯೇ. ಆ ಮನ್ನಣೆಯ ಹಿಂದೆ ಲಾಟೀನು ಹಿಡಿದು ಗಿಡದಿಂದ ಗಿಡಕ್ಕೆ ನಡೆದವರ ಹೆಸರುಗಳನ್ನು ಬರೆಯಬೇಕಾದವರು ನಿಮ್ಮಂಥ ಮಕ್ಕಳೇ.

ಬರೆಯುವಾಗ ಅವರ ಇಡೀ ಬದುಕನ್ನು ಹುಟ್ಟಿನಿಂದ ಆರಂಭಿಸಿ ಸಾಲಾಗಿ ಹೇಳಬೇಕೆಂಬ ಹಟ ಬೇಡ. ಒಂದು ದಿನವನ್ನು ಆರಿಸಿಕೊಳ್ಳಿ. ನೀವು ಹೈಸ್ಕೂಲಿನಲ್ಲಿದ್ದ ಕಾಲದ ಒಂದು ಸಾಮಾನ್ಯ ದಿನ: ಅವರು ಎದ್ದದ್ದು ಎಷ್ಟು ಹೊತ್ತಿಗೆ, ಗಿಡಕ್ಕೆ ನೀರು ಸೇದಿದ್ದು ಎಷ್ಟು ಕೊಡ, ಬೂದಿ, ಸೆಗಣಿ ನೀರು, ಹಿಂಡಿ ಹಾಕುತ್ತಿದ್ದುದು ಯಾವಾಗ, ಹೂ ಕಟ್ಟುತ್ತ ಕೂರುತ್ತಿದ್ದುದು ಜಗಲಿಯ ಯಾವ ಮೂಲೆಯಲ್ಲಿ, ಆಗ ನೀವು ಪಾಠ ಗಟ್ಟಿಯಾಗಿ ಓದುತ್ತಿದ್ದಿರೋ, ಹೂವನ್ನು ಮಾರಾಟದ ಕಟ್ಟೆಗೆ ಮುಟ್ಟಿಸುವವರು ಯಾರು, ದರ ಕೇಳಿದಾಗ ಅವರ ಮುಖ ಹೇಗಾಗುತ್ತಿತ್ತು, ಮಧ್ಯಾಹ್ನದ ಗಂಜಿಗೆ ಅವರು ಕುಳಿತದ್ದು ಎಲ್ಲರ ಊಟವಾದ ಎಷ್ಟು ಹೊತ್ತಿನ ಮೇಲೆ. ಅದೊಂದು ದಿನವೇ ಹತ್ತು ಪುಟ ತುಂಬುತ್ತದೆ. ಮೊಮ್ಮಕ್ಕಳು ಐವರೂ ತಮ್ಮ ತಮ್ಮ ಕಾಲದ ಒಂದೊಂದು ದಿನ ಬರೆಯಲಿ. ಅಜ್ಜಿಯ ಕೈ ನಿಧಾನವಾಗುತ್ತ ಬಂದದ್ದು, ಎರಡು ಚೆಂಡು ಒಂದಾದದ್ದು, ಕೊನೆಗೆ ಮನೆಯ ದೇವರಿಗೆ ಬೇಕಾದಷ್ಟು ಮಾತ್ರ ಕಟ್ಟುವಂತಾದದ್ದು ಆ ದಿನಗಳನ್ನು ಒಂದರ ಪಕ್ಕ ಒಂದಿಟ್ಟಾಗ ತಾನಾಗಿ ಕಾಣುತ್ತದೆ.

ಮನೆಯವರಿಗೆ ಗೊತ್ತಿಲ್ಲದ ಅಮ್ಮ ಹೊರಗಿನವರ ನೆನಪಿನಲ್ಲಿ ಇರುತ್ತಾರೆ. ಹೂ ಕೊಳ್ಳುತ್ತಿದ್ದವರನ್ನು ಕೇಳಿ, ಅವರ ಜೊತೆ ನೀರಿಗೆ ಹೋಗುತ್ತಿದ್ದ ಆಚೆಮನೆಯ ಅಕ್ಕನನ್ನು ಕೇಳಿ. ಕೇಳಿದ್ದನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು ಎರಡು ಬೇರೆ ಬೇರೆ ಕಡೆ ಉಳಿಸಿಡಿ. ಫೋನು ಹಾಳಾದರೆ ಎಲ್ಲವೂ ಹೋಗುತ್ತದೆ. ಅಮ್ಮನ ಮಾತು ತುಳುವಿನಲ್ಲಿದ್ದರೆ ಅದನ್ನು ಕನ್ನಡಕ್ಕೆ ತಿರುಗಿಸದೆ ಕನ್ನಡ ಲಿಪಿಯಲ್ಲೇ ಬರೆಯಿರಿ. ಅಂಗಳಕ್ಕೆ ಕಾಲಿಟ್ಟವರನ್ನೆಲ್ಲ ಅವರು “ವನಸ್ ಆಂಡಾ” ಎಂದು ಕೇಳುತ್ತಿದ್ದರೆ, “ಊಟವಾಯಿತೇ” ಎಂದು ಬರೆದಾಗ ಅವರ ದನಿ ಅಲ್ಲಿರುವುದಿಲ್ಲ. ನಿಮ್ಮದು ತಾಯಿಯ ಕಡೆಯಿಂದ ವಂಶವನ್ನು ಎಣಿಸುವ ಅಳಿಯಸಂತಾನದ ಕುಟುಂಬವಾಗಿದ್ದರೆ ವಂಶವೃಕ್ಷವನ್ನು ಅಮ್ಮನ ತಾಯಿಯಿಂದ, ಅವರ ಬರಿಯಿಂದ (ತಾಯಿಯ ಕಡೆಯ ಬಳಿಯಿಂದ), ಕುಟುಂಬದ ಮನೆಯಿಂದ ಆರಂಭಿಸಿ. ಯಾವ ಪದ್ಧತಿಯ ಮನೆಯೇ ಆಗಲಿ, ಮೊದಲ ಪುಟದಲ್ಲಿ ಅವರು ಇಂಥವರ ಪತ್ನಿ ಎಂಬುದಕ್ಕಿಂತ ಮುಂಚೆ ಅವರ ಸ್ವಂತ ಹೆಸರೂ ತವರಿನಲ್ಲಿ ಕರೆಯುತ್ತಿದ್ದ ಹೆಸರೂ ಇರಲಿ.

ಇಷ್ಟನ್ನು ಒತ್ತಿ ಹೇಳುವುದಕ್ಕೆ ನನ್ನ ಮನೆಯ ಕಾರಣವೂ ಒಂದಿದೆ. ನನ್ನ ಅಜ್ಜಿ ಮಾವಿನ ಮಿಡಿಗೆ ಉಪ್ಪನ್ನು ಅಂಗೈಯಲ್ಲೇ ಅಳೆಯುತ್ತಿದ್ದರು. ಭರಣಿಯ ಬಾಯಿಗೆ ಬಟ್ಟೆ ಕಟ್ಟುವ ಮೊದಲು ಒಂದು ಮಿಡಿಯನ್ನು ಬೆರಳಲ್ಲಿ ಒತ್ತಿ ನೋಡಿ, ಇನ್ನೆರಡು ದಿನ ಎನ್ನುತ್ತಿದ್ದರು. ಅವರು ಹೋದ ಮರುವರ್ಷ ನಾವು ಹಾಕಿದ ಮಿಡಿ ಪೂರ್ತಿ ಹಾಳಾಯಿತು. ಆ ಅಂಗೈಯಲ್ಲಿ ಎಷ್ಟು ಉಪ್ಪು ಹಿಡಿಯುತ್ತಿತ್ತು ಎಂದು ನಮ್ಮಲ್ಲಿ ಒಬ್ಬರೂ ಅವರಿದ್ದಾಗ ತೂಗಿ ನೋಡಿರಲಿಲ್ಲ. ಆ ಖಾಲಿ ಭರಣಿ ಈಗಲೂ ನಮ್ಮ ಅಟ್ಟದಲ್ಲಿದೆ.

ಅಚ್ಚಿನ ವಿಷಯ ಚಿಕ್ಕದು. ಡೆಮಿ 1/8 ಆಕಾರದಲ್ಲಿ, ಪುಟಗಳ ಸಂಖ್ಯೆ ಎಂಟರ ಗುಣಕವಾಗುವಂತೆ ಮಾಡಿಸಿದರೆ ಕಾಗದ ಪೋಲಾಗುವುದಿಲ್ಲ. ಹಳೆಯ ಫೋಟೋಗಳ ಹಿಂದೆ ಅದರಲ್ಲಿರುವವರ ಹೆಸರುಗಳನ್ನು ಈಗಲೇ, ಹಿರಿಯರು ಇರುವಾಗಲೇ, ಪೆನ್ಸಿಲಿನಲ್ಲಿ ಹಗುರವಾಗಿ ಬರೆದಿಡಿ.

ಪ್ರಶ್ನೆ: ನಮ್ಮ ಅಮ್ಮ ಮೂವತ್ತು ವರ್ಷಕ್ಕೂ ಹೆಚ್ಚು ಬೀಡಿ ಕಟ್ಟಿ ನಮ್ಮನ್ನು ಬೆಳೆಸಿದರು. ಅವರ ನೆನಪಿಗಾಗಿ ಬರೆದ ಲೇಖನದಲ್ಲಿ ನಾನು ಅದನ್ನು ಬರೆದಾಗ ಇಂಜಿನಿಯರ್ ಆಗಿರುವ ನಮ್ಮ ಅಣ್ಣ ಒಪ್ಪಲಿಲ್ಲ. “ಮಕ್ಕಳ ಮದುವೆಯ ಮಾತುಕತೆ ನಡೆಯುತ್ತಿದೆ, ಬೀಡಿಯ ವಿಷಯ ಯಾಕೆ, ಗೃಹಿಣಿ ಎಂದು ಹಾಕಿದರೆ ಸಾಕು” ಎನ್ನುತ್ತಾರೆ. ಅಣ್ಣನಿಗೆ ಬೇಸರ ಮಾಡಲು ಮನಸ್ಸಿಲ್ಲ. ಏನು ಮಾಡಲಿ?
— ಓದುಗರು, ಮಂಗಳೂರು

ಉತ್ತರ: ಬರೆಯಿರಿ. ಅಣ್ಣನವರಲ್ಲಿ ಜಗಳವಾಡದೆ, ಅವರಿಗೆ ಒಂದು ಪ್ರಶ್ನೆ ಕೇಳಿ: ಶಾಲೆಯಲ್ಲಿದ್ದಾಗ ಬೀಡಿ ಕಾರ್ಮಿಕರ ಮಕ್ಕಳಿಗೆ ಬರುವ ವಿದ್ಯಾರ್ಥಿವೇತನ ಅವರಿಗೆ ಬಂದಿತ್ತೇ? 1976ರ ಬೀಡಿ ಕಾರ್ಮಿಕರ ಕಲ್ಯಾಣ ನಿಧಿ ಕಾಯಿದೆಯ ಆಧಾರದಲ್ಲಿ ಇಂಥ ಸಹಾಯ ಸಿಗುತ್ತಿತ್ತು, ಮತ್ತು ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಮೊದಲ ಪದವೀಧರರು ಹೊರಬಂದದ್ದು ಬೀಡಿಯ ತಡ್ಪೆಯ (ಮೊರದ) ಪಕ್ಕದಿಂದಲೇ. ಅದಕ್ಕೂ ಹತ್ತು ವರ್ಷ ಮೊದಲು, 1966ರಲ್ಲಿ ಬಂದ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯು ಮನೆಯಲ್ಲಿ ಕುಳಿತು ಬೀಡಿ ಕಟ್ಟುವವರನ್ನೂ ಕಾರ್ಮಿಕರೆಂದೇ ಎಣಿಸಿತು. ದೇಶದ ಕಾಯಿದೆ ಕಾರ್ಮಿಕಳೆಂದು ಒಪ್ಪಿಕೊಂಡ ಹೆಂಗಸನ್ನು ಸ್ವಂತ ಮಕ್ಕಳು ಬರೀ ಗೃಹಿಣಿ ಎಂದು ಬರೆಯುವುದು ನನಗೆ ಸರಿ ಕಾಣುವುದಿಲ್ಲ. ಗೃಹಿಣಿಯ ಕೆಲಸವನ್ನಂತೂ ಅವರು ಅದರ ಮೇಲೆ ಬೇರೆಯಾಗಿ ಮಾಡಿಯೇ ಇದ್ದರು.

ನಾನು ಚಿಕ್ಕವನಿದ್ದಾಗ ಪಕ್ಕದ ಮನೆಯ ಅಕ್ಕ ಬೀಡಿ ಕಟ್ಟುವುದನ್ನು ಜಗಲಿಯಲ್ಲಿ ಕುಳಿತು ನೋಡುತ್ತಿದ್ದೆ. ರಾತ್ರಿಯೇ ನೆನೆಸಿಟ್ಟ ಎಲೆಯನ್ನು ಬೆಳಿಗ್ಗೆ ಅಳತೆಗೆ ಕತ್ತರಿಸಿ, ಮಡಿಲಲ್ಲಿ ತಡ್ಪೆ ಇಟ್ಟುಕೊಂಡು, ಒಂದು ಚಿಟಿಕೆ ಹೊಗೆಸೊಪ್ಪನ್ನು ಎಲೆಯ ಮೇಲೆ ಉದ್ದಕ್ಕೆ ಹರಡಿ, ಸುರುಳಿ ಸುತ್ತಿ, ತುದಿಯನ್ನು ಉಗುರಿನಿಂದ ಒಳಕ್ಕೆ ಮಡಚಿ ನೂಲು ಬಿಗಿಯುತ್ತಿದ್ದರು. ಇಷ್ಟೂ ನಡೆಯುವಾಗ ತೊಟ್ಟಿಲಿಗೆ ಕಟ್ಟಿದ ಹಗ್ಗದ ತುದಿ ಅವರ ಬಲಗಾಲಿನ ಹೆಬ್ಬೆರಳಿಗೆ ಸಿಕ್ಕಿಕೊಂಡಿರುತ್ತಿತ್ತು. ಕೈ ಬೀಡಿ ಸುತ್ತುತ್ತಿತ್ತು, ಕಾಲು ಮಗುವನ್ನು ತೂಗುತ್ತಿತ್ತು. ಒಂದು ಕಟ್ಟಿಗೆ 25 ಬೀಡಿ. ಸಾವಿರ ಬೀಡಿ ಎಂದರೆ ಅಂಥ ನಲವತ್ತು ಕಟ್ಟು. ಸಂಜೆ ಬೀಡಿ ಕೊಳ್ಳುವ ಕಂಪೆನಿಯ ಬ್ರಾಂಚಿಗೆ ಕೊಂಡುಹೋದಾಗ ಸರಿಯಿಲ್ಲವೆಂದು ಅಲ್ಲಿ ತೆಗೆದು ಬದಿಗೆ ಹಾಕಿದ ಬೀಡಿಗಳ ಮಾತನ್ನು ಅವರು ಮನೆಗೆ ಬಂದು ಮೆಲ್ಲಗೆ ಹೇಳುತ್ತಿದ್ದುದೂ ನೆನಪಿದೆ. ನಿಮ್ಮ ತಾಯಿಯವರ ಲೆಕ್ಕದ ಪುಸ್ತಕ, ಗುರುತಿನ ಚೀಟಿ, ಭವಿಷ್ಯನಿಧಿಯ ಕಾಗದ ಯಾವುದಾದರೂ ಪೆಟ್ಟಿಗೆಯಲ್ಲಿ ಉಳಿದಿದ್ದರೆ ಜೋಪಾನ ಮಾಡಿ, ಅವುಗಳ ಚಿತ್ರವೂ ಲೇಖನದ ಜೊತೆ ಇರಲಿ.

ಹೊಗೆಸೊಪ್ಪಿನಿಂದ ಆಗುವ ಕೇಡನ್ನೂ ಮುಚ್ಚಿಡಬೇಕಾಗಿಲ್ಲ. ಅದರ ಪುಡಿ ವರ್ಷಗಟ್ಟಲೆ ಮೂಗು ಗಂಟಲು ಸೇರಿದ್ದು, ಬಗ್ಗಿ ಕುಳಿತು ಕತ್ತು ಬೆನ್ನು ಹಿಡಿದುಕೊಂಡದ್ದು ಅವರ ಬದುಕಿನ ಭಾಗವೇ ಆಗಿದ್ದರೆ ಅದನ್ನೂ ಬರೆಯಿರಿ. ಬರೆದಾದ ಮೇಲೆ ಅಚ್ಚಿಗೆ ಕೊಡುವ ಮೊದಲು ಅಣ್ಣನವರ ಎದುರು ಕುಳಿತು ಓದಿ ಹೇಳಿ. ಕಾಗದವನ್ನು ಅವರ ಕೈಗೆ ಕೊಟ್ಟು ಬರಬೇಡಿ, ನಿಮ್ಮ ದನಿಯಲ್ಲೇ ಕೇಳಿಸಿ. ಬ್ರಾಂಚಿಗೆ ಬೀಡಿ ಹೊತ್ತುಕೊಂಡು ಹೋಗುತ್ತಿದ್ದುದು ಬಹುಶಃ ಅವರೇ ಇರಬೇಕು. ಆ ದಾರಿಯ ನೆನಪನ್ನು ಅವರಿಂದಲೇ ಬರೆಸಲು ಸಾಧ್ಯವಾದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಅಮ್ಮನ ಹುಟ್ಟಿದ ದಿನಾಂಕ ನಮಗೆ ಗೊತ್ತಿಲ್ಲ. ಆಧಾರ್ ಕಾರ್ಡಿನಲ್ಲಿ ಜನವರಿ 1 ಎಂದಿದೆ. ಅವರ ತವರು ಬಂಟ್ವಾಳದ ಹತ್ತಿರ, ನೇತ್ರಾವತಿಯ ದಡದಲ್ಲಿತ್ತು. “ಮಾರಿಬೊಳ್ಳಕ್ಕೆ ಹೋದ ಮನೆಯನ್ನು ಮತ್ತೆ ಕಟ್ಟಿದ ಮೇಲೆ ಹುಟ್ಟಿದವಳು ನಾನು, ಪಲಿಮಾರು ಮಠದ ಪರ್ಯಾಯದಲ್ಲಿ ಮದುವೆಯಾಯಿತು, ಆಗ ನನಗೆ ಹದಿನೇಳು” ಎನ್ನುತ್ತಿದ್ದರು. ನಮ್ಮ ದೊಡ್ಡಣ್ಣ ಹುಟ್ಟಿದ್ದು 1957ರಲ್ಲಿ. ಇದರಿಂದ ಏನಾದರೂ ತಿಳಿಯುತ್ತದೆಯೇ?
— ಓದುಗರು, ಬ್ರಹ್ಮಾವರ

ಉತ್ತರ: ನಿಮ್ಮ ತಾಯಿಯವರು ಬಹಳ ಸ್ಪಷ್ಟವಾಗಿಯೇ ಹೇಳಿಹೋಗಿದ್ದಾರೆ. ಮಾರಿಬೊಳ್ಳ ಎಂದು ನಮ್ಮ ಹಿರಿಯರು ಕರೆಯುವ ನೆರೆ ಬಂದದ್ದು 1923ರಲ್ಲಿ. ಅವರು ಹುಟ್ಟಿದ್ದು ಅದರ ನಂತರ. ಉಡುಪಿಯ ಪರ್ಯಾಯ, ಅಂದರೆ ಕೃಷ್ಣಮಠದ ಪೂಜೆಯನ್ನು ಎಂಟು ಮಠಗಳು ಸರದಿಯಂತೆ ವಹಿಸಿಕೊಳ್ಳುವ ಪದ್ಧತಿ, ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಬದಲಾಗುತ್ತದೆ, ಅಷ್ಟಮಠಗಳ ಸರದಿ ತಿರುಗಿ ಒಂದು ಮಠಕ್ಕೆ ಮತ್ತೆ ಬರಲು ಹದಿನಾರು ವರ್ಷ ಬೇಕು. ಪೇಜಾವರದ ಶ್ರೀ ವಿಶ್ವೇಶತೀರ್ಥರ ಐದು ಪರ್ಯಾಯಗಳು 1952, 1968, 1984, 2000 ಮತ್ತು 2016ರಲ್ಲಿ ಆರಂಭವಾದವು ಎಂಬುದು ಉಡುಪಿಯವರಿಗೆಲ್ಲ ನೆನಪಿರುವ ವಿಷಯ. ಪೇಜಾವರದ ನಂತರದ ಸರದಿ ಪಲಿಮಾರಿನದು. ಹಾಗಾಗಿ ಪಲಿಮಾರು ಪರ್ಯಾಯ 1954ರಲ್ಲಿ, ಆಮೇಲೆ 1970ರಲ್ಲಿ. ಅಣ್ಣ ಹುಟ್ಟಿದ್ದು 1957 ಆದ್ದರಿಂದ ಮದುವೆ 1954 ಅಥವಾ 1955ರಲ್ಲಿ ನಡೆದಿರಬೇಕು. ಆಗ ಹದಿನೇಳು ಎಂದರೆ ಹುಟ್ಟಿದ್ದು 1937ರ ಆಸುಪಾಸು. ತವರಿನಲ್ಲಿ ಜಾತಕದ ಓಲೆಯೋ ಹಳೆಯ ಲೆಕ್ಕಪುಸ್ತಕವೋ ಸಿಕ್ಕಿ ಅದರಲ್ಲಿ ಈಶ್ವರ ಸಂವತ್ಸರ ಎಂದಿದ್ದರೆ 1937-38 ಎಂದು ಖಚಿತವಾಗಿ ಬರೆಯಬಹುದು.

ಸಿಗದೇ ಹೋದರೂ ಕೊರಗಬೇಡಿ. ಜನವರಿ 1 ಎಂಬ ಕಚೇರಿಯ ದಿನಾಂಕಕ್ಕಿಂತ ಅವರ ಮೂರು ಮಾತುಗಳನ್ನೇ ಮೊದಲ ಪುಟದಲ್ಲಿ ಅವರು ಹೇಳಿದಂತೆ ಹಾಕಿ. ನೆರೆಗೆ ಹೋದ ಮನೆಯನ್ನು ಮತ್ತೆ ಕಟ್ಟಿದವರು ಯಾರು ಎಂದು ಮೊಮ್ಮಕ್ಕಳು ಕೇಳುತ್ತಾರೆ. ಅಲ್ಲಿಂದ ನಿಮ್ಮ ಅಜ್ಜಿಯ ಕಥೆ ಆರಂಭವಾಗುತ್ತದೆ.

ಪ್ರಶ್ನೆ: ನನಗೆ ಇಪ್ಪತ್ತು ವರ್ಷ. ಅಪ್ಪ ಮಸ್ಕತ್‌ನಲ್ಲಿ, ಅಮ್ಮನಿಗೆ ಇಲ್ಲಿಯೇ ಬ್ಯಾಂಕಿನ ಕೆಲಸ. ನನ್ನನ್ನು ಬೆಳೆಸಿದ್ದು ಅಪ್ಪನ ತಾಯಿ. ಅಜ್ಜಿ ಹೋದ ಮೇಲೆ ಮನೆಗೆ ಬರಲು ಮನಸ್ಸಾಗುತ್ತಿಲ್ಲ. ಅವರ ಬಗ್ಗೆ ಬರೆಯಬೇಕೆಂದಿದ್ದೇನೆ. ಆದರೆ ಅಜ್ಜಿ ನನಗೆ ಎಷ್ಟು ಪ್ರೀತಿಯವರೋ ಅಮ್ಮನ ಮಟ್ಟಿಗೆ ಅಷ್ಟೇ ಕಠಿಣವಾಗಿದ್ದರು. ಎಷ್ಟೋ ಸಲ ಅಮ್ಮ ಬಚ್ಚಲಲ್ಲಿ ನಲ್ಲಿ ಬಿಟ್ಟು ಅತ್ತದ್ದು ನನಗೆ ಗೊತ್ತು. ಆದರೂ ಆಟಿ ಅಮಾವಾಸ್ಯೆಯ ದಿನ ಪಾಲೆ ಮರದ ತೊಗಟೆಯ ಕಷಾಯ ಕುಡಿದಾದ ಮೇಲೆ ಮೆಂತ್ಯದ ಗಂಜಿಯ ಮೊದಲ ಬಟ್ಟಲನ್ನು ಅಜ್ಜಿ ಕೊಡುತ್ತಿದ್ದುದು ಅಮ್ಮನಿಗೇ. ಇದನ್ನೆಲ್ಲ ಬರೆದರೆ ತಪ್ಪಾಗುತ್ತದೆಯೇ?
— ಓದುಗರು, ಸುರತ್ಕಲ್

ಉತ್ತರ: ತಪ್ಪಾಗುವುದಿಲ್ಲ. ಅಜ್ಜಿಯನ್ನು ದೇವತೆಯನ್ನಾಗಿ ಮಾಡಿ ಬರೆದರೆ ನಿಮ್ಮ ಅಮ್ಮ ಆ ಬರಹವನ್ನು ಮೌನವಾಗಿ ಓದಿ ಬದಿಗಿಡುತ್ತಾರೆ, ನೀವು ಮಾತ್ರ ನಿಮಗೆ ಗೊತ್ತಿರುವುದನ್ನು ಮುಚ್ಚಿಟ್ಟ ಭಾರವನ್ನು ಹೊರುತ್ತೀರಿ. ನಿಮಗೆ ಅಜ್ಜಿ ಕೊಟ್ಟ ಪ್ರೀತಿಯೂ ನಿಜ, ಬಚ್ಚಲಿನ ನಲ್ಲಿಯ ಸದ್ದೂ ನಿಜ. ಒಂದನ್ನು ಹೇಳಿದ್ದರಿಂದ ಇನ್ನೊಂದು ಕಡಿಮೆಯಾಗುವುದಿಲ್ಲ. ನೀವು ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಿರಿ. ಯಾರೋ ಹೇಳಿದ ಹಳೆಯ ಜಗಳಗಳನ್ನು ಸೇರಿಸಬೇಡಿ, ಅಜ್ಜಿ ಯಾಕೆ ಹಾಗಿದ್ದರು ಎಂಬುದಕ್ಕೆ ಕಾರಣಗಳನ್ನು ಊಹಿಸಿ ಅವರ ಪರವಾಗಿಯೋ ವಿರುದ್ಧವಾಗಿಯೋ ವಾದ ಮಾಡಲೂ ಹೋಗಬೇಡಿ.

ಆ ಮೆಂತ್ಯದ ಗಂಜಿಯ ಬಟ್ಟಲಿನಿಂದಲೇ ಆರಂಭಿಸಿ ಎಂಬುದು ನನ್ನ ಸಲಹೆ. ಸೂರ್ಯ ಹುಟ್ಟುವ ಮೊದಲು ತಂದ ಪಾಲೆಯ ಕೆತ್ತೆ, ಅದನ್ನು ಅರೆದು ಹಿಂಡಿದ ಕಷಾಯದ ಕಹಿಗೆ ಎಲ್ಲರೂ ಮುಖ ಕಿವುಚಿದ್ದು, ಹೊಟ್ಟೆ ತಂಪಾಗಲೆಂದು ಅಜ್ಜಿ ಬೇಯಿಸಿದ ಗಂಜಿ, ಮಾತಿಲ್ಲದೆ ಸೊಸೆಯ ಮುಂದೆ ಇಟ್ಟ ಬಟ್ಟಲು. ಅಂದು ಅಜ್ಜಿ ಏನಾದರೂ ಹೇಳುತ್ತಿದ್ದರೇ, ಅಮ್ಮ ಅದನ್ನು ಹೇಗೆ ತೆಗೆದುಕೊಳ್ಳುತ್ತಿದ್ದರು, ಎಲ್ಲಿ ಕುಳಿತು ಕುಡಿಯುತ್ತಿದ್ದರು ಎಂಬುದನ್ನು ನೆನಪು ಮಾಡಿಕೊಂಡು ಬರೆಯಿರಿ.

ಬೇರೆ ಯಾರಿಗೂ ತೋರಿಸುವ ಮೊದಲು ಆ ಪುಟಗಳನ್ನು ಅಮ್ಮನಿಗೆ ಕೊಡಿ. ಅಳುತ್ತಿದ್ದವರು ಅವರಾದ್ದರಿಂದ ಅದನ್ನು ಹೇಳಬೇಕೋ ಬೇಡವೋ ಎಂದು ತೀರ್ಮಾನಿಸುವ ಹಕ್ಕೂ ಅವರದೇ. ಆ ಭಾಗ ಬೇಡವೆಂದರೆ ಮರುಮಾತಾಡದೆ ತೆಗೆದುಬಿಡಿ, ಗಂಜಿಯ ಬಟ್ಟಲು ಇರಲಿ. ಅತ್ತೆಯ ಬಗ್ಗೆ ತಾವೇ ಒಂದೆರಡು ಸಾಲು ಸೇರಿಸುತ್ತೇನೆ ಎಂದರೆ ಅದನ್ನು ತಿದ್ದದೆ, ಅವರ ಕೈಬರಹದಲ್ಲಿಯೇ ಅಚ್ಚು ಮಾಡಿಸಿ.